ಅನುಮಾನಕ್ಕೂ ಒಂದು ಕಡತ ಬೇಕು

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟ ವಕೀಲರು ತಮ್ಮ ಪತ್ರದಲ್ಲಿ ಒಂದೇ ಒಂದು ಷರತ್ತು ಹಾಕಿದ್ದಾರೆ. ಉಪನ್ಯಾಸ ಪೊಲೀಸರಿಗೂ ಅರ್ಥವಾಗಬೇಕು, ಪೊಲೀಸರ ಕೈಗೆ ಸಿಕ್ಕವರಿಗೂ ಅರ್ಥವಾಗಬೇಕು. ನೋಡಲಿಕ್ಕೆ ಸಣ್ಣ ಷರತ್ತು. ಪಾಲಿಸುವುದು ಸುಲಭವಲ್ಲ, ಪ್ರಯತ್ನ ಮಾಡುತ್ತೇನೆ.

ನಾನು ಆರಿಸಿಕೊಂಡ ವಿಷಯ ಮುಖ್ಯವಾಗಿ ಅಮೆರಿಕದ್ದು. ಮೈಬಣ್ಣ ನೋಡಿ ಜನರನ್ನು ಬೀದಿಯಲ್ಲಿ ನಿಲ್ಲಿಸುವ, ಜೇಬು ತಡಕುವ, ಕಾರು ಜಾಲಾಡುವ ಪೊಲೀಸ್ ಪದ್ಧತಿ. ಅಲ್ಲಿನವರು ರೇಶಿಯಲ್ ಪ್ರೊಫೈಲಿಂಗ್ ಎನ್ನುವುದು ಇದನ್ನೇ. ಅವರ ವರ್ಣಭೇದ ದೊಡ್ಡದೋ ನಮ್ಮ ಜಾತಿಭೇದ ದೊಡ್ಡದೋ ಎಂಬ ಪಂಚಾಯ್ತಿಗೆ ನಾನು ಕೂರುವುದಿಲ್ಲ. ಆ ಕಥೆಯಲ್ಲಿ ನನಗೆ ಬೇಕಾಗಿರುವುದು ಒಂದು ಕಾಗದ. ನ್ಯೂಯಾರ್ಕ್ ಪೊಲೀಸರು ಒಬ್ಬನನ್ನು ತಡೆದಾಗ ತುಂಬಬೇಕಿದ್ದ ಯುಎಫ್-250 ಎಂಬ ನಮೂನೆ. ಎರಡು ಬದಿಯ ಒಂದು ಹಾಳೆ, ಸರಿ ಗುರುತು ಹಾಕಲು ಒಂದಷ್ಟು ಚೌಕಗಳು. ಜಗತ್ತಿನ ಬಹುದೊಡ್ಡ ಪೊಲೀಸ್ ಪಡೆಯೊಂದನ್ನು ಕಟಕಟೆಗೆ ತಂದು ನಿಲ್ಲಿಸಿದ್ದು ಆ ಹಾಳೆ.

ಅದಕ್ಕೂ ಮೊದಲು ಕಾನೂನಿನ ಮೂಲಕ್ಕೆ ಹೋಗಬೇಕು. 1963ರ ಅಕ್ಟೋಬರ್ 31, ಮಧ್ಯಾಹ್ನ ಎರಡೂವರೆ. ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದ ಪೇಟೆಬೀದಿ. ಮಾರ್ಟಿನ್ ಮ್ಯಾಕ್‌ಫಾಡನ್ ಎಂಬ ಪತ್ತೇದಾರ ಮಫ್ತಿಯಲ್ಲಿದ್ದಾನೆ. ಪೊಲೀಸ್ ಕೆಲಸಕ್ಕೆ ಸೇರಿ 39 ವರ್ಷ. ಅದರಲ್ಲಿ ಮೂವತ್ತು ವರ್ಷ ಇದೇ ಬೀದಿಗಳಲ್ಲಿ ಜೇಬುಗಳ್ಳರನ್ನು ಹಿಡಿಯುತ್ತ ಕಳೆದವನು. ಮೂಲೆಯಲ್ಲಿ ಇಬ್ಬರು ಕಪ್ಪು ಗಂಡಸರು ನಿಂತಿದ್ದಾರೆ. ಒಬ್ಬ ಹೋಗಿ ಅಂಗಡಿಯ ಕಿಟಕಿಯಲ್ಲಿ ಇಣುಕಿ ಬರುತ್ತಾನೆ. ಆಮೇಲೆ ಇನ್ನೊಬ್ಬ ಹೋಗಿ ಇಣುಕಿ ಬರುತ್ತಾನೆ. ಹೀಗೆ ತಲಾ ಐದಾರು ಸಲ. ನಡುವೆ ಬಿಳಿಯನೊಬ್ಬ ಬಂದು ಏನೋ ಮಾತಾಡಿ ಹೋದ. ಇವರು ದರೋಡೆಗೆ ಹೊಂಚು ಹಾಕುತ್ತಿದ್ದಾರೆ ಎಂದು ಮ್ಯಾಕ್‌ಫಾಡನ್‌ಗೆ ಅನ್ನಿಸಿತು. ಹಿಂದೆಯೇ ಹೋಗಿ, ತಾನು ಪೊಲೀಸ್ ಎಂದು ಹೇಳಿ ಹೆಸರು ಕೇಳಿದ. ಅವರು ಏನೋ ಗೊಣಗಿದರು. ಜಾನ್ ಟೆರಿ ಎಂಬುವನನ್ನು ಹಿಡಿದು ಗಿರಕ್ಕನೆ ತಿರುಗಿಸಿ ಮೈ ತಡವಿದ. ಓವರ್‌ಕೋಟಿನಲ್ಲಿ ಪಿಸ್ತೂಲು ಸಿಕ್ಕಿತು. ಜೊತೆಗಿದ್ದವನ ಕೋಟಿನಲ್ಲಿ ರಿವಾಲ್ವರ್. ಬಿಳಿಯನ ಹತ್ತಿರ ಏನೂ ಇರಲಿಲ್ಲ.

ಈ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1968ರ ಜೂನ್ 10ರಂದು ಎಂಟು ನ್ಯಾಯಮೂರ್ತಿಗಳು ಮ್ಯಾಕ್‌ಫಾಡನ್ ಮಾಡಿದ್ದು ಸರಿ ಎಂದರು. ಬಂಧಿಸಲು ಬೇಕಾಗುವಷ್ಟು ಬಲವಾದ ಆಧಾರ ಇಲ್ಲದಿದ್ದರೂ ಪರವಾಗಿಲ್ಲ, ‘ಸಕಾರಣ ಅನುಮಾನ’ ಇದ್ದರೆ ಪೊಲೀಸರು ಒಬ್ಬನನ್ನು ತಡೆಯಬಹುದು. ಆಯುಧ ಇದೆ ಎನ್ನಿಸಿದರೆ ಮೇಲಿನಿಂದ ಮೈ ತಡವಬಹುದು. ಆ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ಶಾಲೆಗಳಲ್ಲಿ ವರ್ಣ ಪ್ರತ್ಯೇಕತೆಯನ್ನು ತೆಗೆದುಹಾಕಿದ್ದೂ ಅವರೇ. ಕರಿಯರಿಗೆ ಪೊಲೀಸ್ ಕಿರುಕುಳ ಇದೆ ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ; ತೀರ್ಪಿನಲ್ಲೇ ಅದರ ಪ್ರಸ್ತಾಪ ಇದೆ. ಆದರೆ ಈ ಮೊಕದ್ದಮೆಯಲ್ಲಿ ಯಾರು ಯಾವ ಬಣ್ಣದವರು ಎಂದು ಮಾತ್ರ ಬರೆಯಲಿಲ್ಲ. ಒಪ್ಪದೆ ಉಳಿದವರು ಒಬ್ಬರೇ, ವಿಲಿಯಂ ಡಗ್ಲಸ್. ಮ್ಯಾಜಿಸ್ಟ್ರೇಟರಿಗೂ ಇಲ್ಲದ ಅಧಿಕಾರವನ್ನು ನೀವು ಬೀದಿಯಲ್ಲಿ ನಿಂತ ಪೊಲೀಸನಿಗೆ ಕೊಡುತ್ತಿದ್ದೀರಿ ಎಂಬುದು ಅವರ ತಕರಾರು.

ಮ್ಯಾಕ್‌ಫಾಡನ್ ಕೆಟ್ಟ ಪೊಲೀಸ್ ಆಗಿರಲಿಲ್ಲ. ಸಾಕಷ್ಟು ಹೊತ್ತು ನೋಡಿದ, ಯೋಚಿಸಿದ, ಆಮೇಲೆ ಕೈಹಾಕಿದ. ಆದರೆ ಕಾನೂನಾದ ಮೇಲೆ ಅದು ಅನುಭವಿ ಪತ್ತೇದಾರನ ಕೈಯಲ್ಲಷ್ಟೇ ಉಳಿಯುವುದಿಲ್ಲ. ಅಕಾಡೆಮಿಯಿಂದ ನಿನ್ನೆ ಹೊರಬಿದ್ದ ಇಪ್ಪತ್ತೆರಡರ ಹುಡುಗನ ಕೈಗೂ ಅದೇ ಅಧಿಕಾರ ಬರುತ್ತದೆ. ಅವನಿಗೆ ತಿಂಗಳ ಕೊನೆಗೆ ಲೆಕ್ಕ ಒಪ್ಪಿಸಬೇಕಾದ ಮೇಲಧಿಕಾರಿಯೂ ಇರುತ್ತಾನೆ.

ನ್ಯೂಯಾರ್ಕಿನಲ್ಲಿ ಆದದ್ದು ಇದೇ. 1999ರ ಫೆಬ್ರವರಿ 4ರಂದು ಬ್ರಾಂಕ್ಸ್ ಪ್ರದೇಶದಲ್ಲಿ, ಗಿನಿ ದೇಶದಿಂದ ಬಂದು ಬೀದಿ ವ್ಯಾಪಾರ ಮಾಡಿಕೊಂಡಿದ್ದ ಅಮಡು ಡಿಯಾಲೊ ಎಂಬ 23 ವರ್ಷದ ಯುವಕ ತನ್ನ ಮನೆಬಾಗಿಲಲ್ಲೇ ಪೊಲೀಸರ ಗುಂಡಿಗೆ ಸತ್ತ. ಮಫ್ತಿಯಲ್ಲಿದ್ದ ನಾಲ್ವರು ಹಾರಿಸಿದ್ದು 41 ಗುಂಡು, ತಗುಲಿದ್ದು 19. ಅವನು ಕೈಯಲ್ಲಿ ಹಿಡಿದಿದ್ದದ್ದು ಪರ್ಸು. ಮರುವರ್ಷ ನಾಲ್ವರೂ ಖುಲಾಸೆಯಾದರು. ಆದರೆ ಆ ಸಾವಿನ ಬೆನ್ನಿಗೆ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ ಪೊಲೀಸ್ ಇಲಾಖೆಯ 1,75,000 ಯುಎಫ್-250 ಹಾಳೆಗಳನ್ನು ತರಿಸಿ ಎಣಿಸಿದರು. ಠಾಣೆಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದ ಕಾಗದವನ್ನು ಹೊರಗಿನವರು ಕೂತು ಎಣಿಸತೊಡಗಿದ್ದು ಆಗ. ಪ್ರತಿ ತಡೆಯ ಲೆಕ್ಕವನ್ನೂ ನಗರಸಭೆಗೆ ಕೊಡಬೇಕು ಎಂದು 2001ರಲ್ಲಿ ನಗರವೇ ಕಾನೂನು ಮಾಡಿತು. ಕೋರ್ಟಿನಲ್ಲಿ ಹೂಡಿದ್ದ ದಾವೆಯೊಂದು 2003ರಲ್ಲಿ ರಾಜಿಯಾದಾಗ ದಾಖಲೆ ಒದಗಿಸುವ ಕಟ್ಟು ಇನ್ನೂ ಬಿಗಿಯಾಯಿತು.

ಲೆಕ್ಕ ಇಡಬೇಕಾಗಿ ಬಂದರೆ ಪೊಲೀಸರು ಕೈ ಬಿಗಿಹಿಡಿಯುತ್ತಾರೆ ಎಂದು ನೀವು ಎಣಿಸಬಹುದು. ತದ್ವಿರುದ್ಧವಾಯಿತು. ಲೆಕ್ಕವೇ ಗುರಿಯಾಯಿತು. 2011ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ದಾಖಲಾದ ತಡೆಗಳು 6,85,724. ದಿನಕ್ಕೆ ಸುಮಾರು 1,900.

2013ರ ಆಗಸ್ಟ್ 12ರಂದು ಫೆಡರಲ್ ನ್ಯಾಯಾಧೀಶೆ ಶೀರಾ ಶೈಂಡ್ಲಿನ್ ನಗರದ ಪೊಲೀಸರ ವಿರುದ್ಧ ಕೊಟ್ಟ ತೀರ್ಪು ನಿಂತಿರುವುದು ಇದೇ ಹಾಳೆಗಳ ಮೇಲೆ. 2004ರ ಜನವರಿಯಿಂದ 2012ರ ಜೂನ್‌ವರೆಗೆ 44 ಲಕ್ಷ ತಡೆಗಳು. ತಡೆಸಿಕೊಂಡವರಲ್ಲಿ ನೂರಕ್ಕೆ 52 ಮಂದಿ ಕಪ್ಪು ಜನ, 31 ಮಂದಿ ಹಿಸ್ಪಾನಿಕ್, 10 ಮಂದಿ ಬಿಳಿಯರು. ನಗರದ ಜನಸಂಖ್ಯೆಯಲ್ಲಿ ಆಗ ಕಪ್ಪು ಜನ 23, ಹಿಸ್ಪಾನಿಕ್ 29, ಬಿಳಿಯರು 33. ನೂರಕ್ಕೆ 88 ತಡೆಗಳು ಬರಿಗೈಯಲ್ಲಿ ಮುಗಿದವು: ಬಂಧನವೂ ಇಲ್ಲ, ಸಮನ್ಸೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನರ ಮೈ ತಡವಿದರು. ಹಾಗೆ ತಡವಿದ ನೂರು ಜನರಲ್ಲಿ ಆಯುಧ ಸಿಕ್ಕಿದ್ದು ಒಂದೂವರೆ ಜನರ ಹತ್ತಿರ. ಮ್ಯಾಕ್‌ಫಾಡನ್‌ಗೆ ಮೂವರಲ್ಲಿ ಇಬ್ಬರ ಬಳಿ ಸಿಕ್ಕಿತ್ತು ಎಂಬುದನ್ನು ನೆನಪಿನಲ್ಲಿಡಿ.

ಇನ್ನೊಂದು ಅಂಕಿ ನೋಡಿ. ತಡೆದ ಕಪ್ಪು ಜನರಲ್ಲಿ ಆಯುಧ ಸಿಕ್ಕಿದ್ದು ಶೇ 1.0, ಹಿಸ್ಪಾನಿಕರಲ್ಲಿ ಶೇ 1.1, ಬಿಳಿಯರಲ್ಲಿ ಶೇ 1.4. ಮಾದಕವಸ್ತುವಿನಂಥ ಕಳ್ಳಮಾಲು ಸಿಕ್ಕಿದ್ದೂ ಬಿಳಿಯರಲ್ಲೇ ಹೆಚ್ಚು. ಇದರಿಂದ ಬಿಳಿಯರೇ ಕಳ್ಳರು ಎಂದಾಗುವುದಿಲ್ಲ, ಯಾರೂ ಹಾಗೆ ಓದಬಾರದು. ಬಿಳಿಯನೊಬ್ಬನನ್ನು ನಿಲ್ಲಿಸಬೇಕಾದರೆ ಪೊಲೀಸನಿಗೆ ಗಟ್ಟಿ ಕಾರಣ ಬೇಕಾಗುತ್ತಿತ್ತು. ಕರಿಯನಾದರೆ ತೆಳು ಕಾರಣವೂ ಸಾಕಾಗುತ್ತಿತ್ತು. ಅಂಕಿ ಹೇಳುವುದು ಇಷ್ಟು.

ನಗರಾಡಳಿತದ ಪ್ರತಿವಾದ ಕೇಳಿ, ಇದನ್ನು ನಮ್ಮ ಠಾಣೆಗಳಲ್ಲೂ ನೀವು ಕೇಳಿರುತ್ತೀರಿ. ಅಪರಾಧಕ್ಕೆ ಗುರಿಯಾದವರೇ ಕೊಟ್ಟ ಚಹರೆ ನೋಡಿ ಸ್ವಾಮಿ, ಹೆಚ್ಚಿನ ಆರೋಪಿಗಳು ಕಪ್ಪು ಜನ, ಹಾಗಾಗಿ ನಾವು ತಡೆಯುವವರೂ ಕಪ್ಪು ಜನ. ಇದರಲ್ಲಿ ಭೇದಭಾವ ಎಲ್ಲಿ ಬಂತು? ಶೈಂಡ್ಲಿನ್ ಕೊಟ್ಟ ಉತ್ತರ ನನಗೆ ಈ ಇಡೀ ತೀರ್ಪಿನಲ್ಲಿ ಅತ್ಯಂತ ಹಿಡಿಸಿದ ಭಾಗ. ನೀವು ತಡೆದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಏನೂ ಮಾಡದವರು. ಏನೂ ಮಾಡದವರ ಗುಂಪು ಅಪರಾಧಿಗಳ ಗುಂಪಿನಂತೆಯೇ ಇರಬೇಕು ಎಂದು ಯಾವ ಶಾಸ್ತ್ರ ಹೇಳುತ್ತದೆ? ದಾರಿಯಲ್ಲಿ ನಡೆದು ಹೋಗುತ್ತಿರುವ ನಿರಪರಾಧಿಗಳನ್ನು ಅಳೆಯಲು ಅಪರಾಧಿಗಳ ಪಟ್ಟಿಯನ್ನು ಅಳತೆಗೋಲು ಮಾಡಿಕೊಂಡದ್ದೇ ತಪ್ಪು.

ಈಗ ಆ ಹಾಳೆಯ ಚೌಕಗಳಿಗೆ ಬರೋಣ. ಕಾರಣಗಳ ಪಟ್ಟಿಯಲ್ಲಿ ಒಂದು ಚೌಕ, ಕಳ್ಳಚಲನೆ ಎಂದು. ನೂರಕ್ಕೆ 42 ಹಾಳೆಗಳಲ್ಲಿ ಅದಕ್ಕೆ ಸರಿ ಗುರುತು ಬಿದ್ದಿತ್ತು. ಹಾಗೆಂದರೇನು ಎಂದು ಕೋರ್ಟಿನಲ್ಲಿ ಕೇಳಿದಾಗ ಒಬ್ಬ ಪೊಲೀಸ್ ಕೊಟ್ಟ ವಿವರಣೆ: ದಿಕ್ಕು ಬದಲಿಸುವುದು, ಒಂದು ಥರಾ ನಡೆಯುವುದು, ಜೇಬಿನೊಳಗೆ ಕೈ ಹಾಕಿ ತೆಗೆಯುವುದು, ಪೊಲೀಸರನ್ನು ಕಂಡು ಗಾಬರಿಯಾಗುವುದು. ಇನ್ನೊಬ್ಬನ ಪ್ರಕಾರ ಕಟ್ಟಡದ ಮುಂದೆ ಸುಮ್ಮನೆ ಕೂತಿರುವುದೂ ಕಳ್ಳಚಲನೆಯೇ. ನಡೆದರೆ ಒಂದು, ಕೂತರೆ ಒಂದು! ಪೊಲೀಸರನ್ನು ಕಂಡು ಗಾಬರಿಯಾಗದ ಮನುಷ್ಯ ಈ ಸಭಾಂಗಣದಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ಎಂದು ನಾನು ಕೇಳುವುದಿಲ್ಲ, ಮುಂದಿನ ಸಾಲಿನಲ್ಲಿ ಕೂತಿರುವ ಪೊಲೀಸ್ ಅಧಿಕಾರಿಗಳಿಗೆ ಬೇಸರವಾದೀತು. ‘ಅಪರಾಧ ಹೆಚ್ಚಿರುವ ಪ್ರದೇಶ’ ಎಂಬ ಚೌಕಕ್ಕೆ ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಗುರುತು ಇತ್ತು. ಯಾವ ಅಪರಾಧದ ಅನುಮಾನ ಎಂದು ಬರೆಯುವ ಜಾಗವೂ ಇತ್ತು. 2004ರಲ್ಲಿ ಅದನ್ನು ನಿರ್ದಿಷ್ಟವಾಗಿ ತುಂಬದೆ ಬಿಟ್ಟ ಹಾಳೆಗಳು ನೂರಕ್ಕೆ ಒಂದು. 2009ರ ಹೊತ್ತಿಗೆ ನೂರಕ್ಕೆ 36. ಅಂದರೆ ಮೂರು ತಡೆಗಳಲ್ಲಿ ಒಂದರಲ್ಲಿ, ತಾನು ಯಾವ ಅಪರಾಧವನ್ನು ಶಂಕಿಸಿದೆ ಎಂಬುದನ್ನು ಪೊಲೀಸನೇ ಹೇಳಲಾರದೆ ಹೋದ.

ಪೊಲೀಸನನ್ನೇ ಬಯ್ದು ಕೂರುವುದು ನ್ಯಾಯವಲ್ಲ. ಬ್ರಾಂಕ್ಸಿನ ಠಾಣೆಯೊಂದರಲ್ಲಿ ಒಬ್ಬ ಪೊಲೀಸ್ ತನ್ನ ಮೇಲಧಿಕಾರಿಯ ಮಾತನ್ನು ಗುಟ್ಟಾಗಿ ರೆಕಾರ್ಡು ಮಾಡಿದ್ದ. ಅವನ ಮೇಲಿದ್ದ ದೂರು, ತಡೆಗಳು ಕಡಿಮೆ ಎಂದು. ಸರಿಯಾದವರನ್ನು, ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ನಿಲ್ಲಿಸಬೇಕಪ್ಪ ಎಂದು ಮೇಲಧಿಕಾರಿ ಬುದ್ಧಿ ಹೇಳುತ್ತಾನೆ. ಸರಿಯಾದವರು ಅಂದರೆ ಯಾರು ಸರ್ ಎಂದು ಇವನು ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಮೇಲಧಿಕಾರಿಯ ಬಾಯಿಂದ ಬಂತು: ಹದಿನಾಲ್ಕರಿಂದ ಇಪ್ಪತ್ತು, ಇಪ್ಪತ್ತೊಂದು ವಯಸ್ಸಿನ ಕಪ್ಪು ಹುಡುಗರು. ಈ ಟೇಪನ್ನು ಕೋರ್ಟಿನಲ್ಲಿ ಹಾಕಿ ಕೇಳಿಸಲಾಯಿತು. ಆ ಮೇಲಧಿಕಾರಿಗೂ ಮೇಲೆ ಒಬ್ಬರು. 1994ರಿಂದ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಕಾಂಪ್‌ಸ್ಟ್ಯಾಟ್ ಎಂಬ ಪದ್ಧತಿ ಇತ್ತು. ಠಾಣಾಧಿಕಾರಿಗಳು ಅಂಕಿಗಳ ಎದುರು ನಿಂತು ಜವಾಬು ಕೊಡಬೇಕು. ಅಪರಾಧದ ಅಂಕಿ ಇಳಿಯಬೇಕು, ಕೆಲಸದ ಅಂಕಿ ಏರಬೇಕು. ತಿಂಗಳಿಗೆ ಇಷ್ಟು ಕೇಸು ಹಾಕಬೇಕು ಎಂಬ ಒತ್ತಡ ಏನೆಂದು ನಮ್ಮ ಸಂಚಾರ ಪೊಲೀಸರಿಗೆ ನಾನು ವಿವರಿಸಬೇಕಾಗಿಲ್ಲ.

ತೀರ್ಪಿನ ನಂತರ ಏನಾಯಿತು? ಮೇಲಿನ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು, ಆ ನ್ಯಾಯಾಧೀಶೆಯನ್ನು ಮೊಕದ್ದಮೆಯಿಂದಲೇ ಬಿಡಿಸಿತು. ಆದರೆ ಹೊಸ ಮೇಯರ್ ಬಿಲ್ ಡಿ ಬ್ಲಾಸಿಯೊ ಬಂದ ಕೂಡಲೇ, 2014ರ ಜನವರಿಯಲ್ಲಿ, ನಗರ ತನ್ನ ಮೇಲ್ಮನವಿಯನ್ನು ಕೈಬಿಟ್ಟಿತು. 2017ರಲ್ಲಿ ದಾಖಲಾದ ತಡೆಗಳು 12 ಸಾವಿರಕ್ಕೂ ಕಡಿಮೆ. ತಡೆ ನಿಲ್ಲಿಸಿದರೆ ಬೀದಿಯಲ್ಲಿ ರಕ್ತ ಹರಿಯುತ್ತದೆ ಎಂದು ಹೆದರಿಸಿದವರಿದ್ದರು. 2011ರಲ್ಲಿ 515 ಕೊಲೆಗಳಾಗಿದ್ದ ನಗರದಲ್ಲಿ 2017ರಲ್ಲಿ ಆದದ್ದು 292. ತಡೆ ಇಳಿದಿದ್ದರಿಂದಲೇ ಕೊಲೆ ಇಳಿಯಿತು ಎಂದು ನಾನು ಹೇಳುತ್ತಿಲ್ಲ. 2020ರಲ್ಲಿ ಇಡೀ ಅಮೆರಿಕದಲ್ಲಿ ಕೊಲೆಗಳು ಏರಿದವು, ನ್ಯೂಯಾರ್ಕಿನಲ್ಲೂ ಏರಿದವು. ಏರಿಳಿತಕ್ಕೆ ಬೇರೆ ನೂರು ಕಾರಣ. ಆದರೆ ಆರು ಲಕ್ಷ ತಡೆಗಳಿಲ್ಲದೆ ನಗರ ಉಳಿಯದು ಎಂಬ ವಾದ ಮಾತ್ರ ಅಲ್ಲಿಗೆ ಬಿದ್ದುಹೋಯಿತು.

ಇಲ್ಲೊಂದು ಸೋಜಿಗ ಇದೆ. ಈ ತಡೆಗಳ ಕಾಲದ ಪೊಲೀಸ್ ಕಮಿಷನರ್ ರೇಮಂಡ್ ಕೆಲಿ. ಅದಕ್ಕೂ ಮೊದಲು, 1998ರಿಂದ 2001ರವರೆಗೆ, ಅವರು ಅಮೆರಿಕದ ಕಸ್ಟಮ್ಸ್ ಇಲಾಖೆಯ ಮುಖ್ಯಸ್ಥರು. ವಿದೇಶದಿಂದ ಬರುವ ಕಪ್ಪು ಹೆಂಗಸರನ್ನೇ ವಿಮಾನ ನಿಲ್ದಾಣದಲ್ಲಿ ಬಟ್ಟೆ ಬಿಚ್ಚಿಸಿ ಹುಡುಕುತ್ತಾರೆ ಎಂಬ ದೂರು ಆಗ ಜೋರಾಗಿತ್ತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧಕರು 2000ದಲ್ಲಿ ಕೊಟ್ಟ ವರದಿ ಪ್ರಕಾರ, ಅಮೆರಿಕದ ಪ್ರಜೆಗಳೇ ಆದ ಕಪ್ಪು ಹೆಂಗಸರನ್ನು ಎಕ್ಸ್‌ರೇಗೆ ಒಳಪಡಿಸುವ ಸಂಭವ ಬಿಳಿ ಹೆಂಗಸರಿಗಿಂತ ಒಂಬತ್ತು ಪಟ್ಟು ಹೆಚ್ಚಿತ್ತು; ಮಾಲು ಸಿಗುವ ಸಂಭವ ಅರ್ಧಕ್ಕಿಂತ ಕಡಿಮೆ ಇತ್ತು. ಕೆಲಿ ಮಾಡಿದ್ದು ಸರಳ. ಅನುಮಾನದ ಲಕ್ಷಣಗಳ ಉದ್ದನೆಯ ಪಟ್ಟಿಯನ್ನು ಹರಿದು, ನಡವಳಿಕೆಗೆ ಸಂಬಂಧಿಸಿದ ಕೆಲವನ್ನು ಮಾತ್ರ ಉಳಿಸಿಕೊಂಡರು. ಹುಡುಕುವ ಮೊದಲು ಮೇಲಧಿಕಾರಿಯ ಒಪ್ಪಿಗೆ ಬೇಕು ಎಂದರು. ಹುಡುಕಾಟ ಮುಕ್ಕಾಲು ಪಾಲು ಇಳಿಯಿತು. ಹುಡುಕಿದಾಗ ಮಾಲು ಸಿಗುವ ಪ್ರಮಾಣ ದುಪ್ಪಟ್ಟಿಗೂ ಹೆಚ್ಚಾಯಿತು. ಅದೇ ಮನುಷ್ಯ ನ್ಯೂಯಾರ್ಕಿನ ಖುರ್ಚಿಯಲ್ಲಿ ಕೂತು ತದ್ವಿರುದ್ಧ ಮಾಡಿದರು. ವ್ಯಕ್ತಿ ಒಳ್ಳೆಯವನಾದರೆ ಪೊಲೀಸ್ ವ್ಯವಸ್ಥೆ ತಾನಾಗಿ ನೆಟ್ಟಗಾಗುತ್ತದೆ ಎಂದು ನಂಬುವವರು ಕೆಲಿಯವರ ಈ ಎರಡು ಅವತಾರಗಳನ್ನು ಓದಬೇಕು.

ಕಾರು ಓಡಿಸುವವರ ಪಾಡು ಬೇರೆಯೇನಲ್ಲ. ನ್ಯೂಜೆರ್ಸಿಯ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಜಾನ್ ಲ್ಯಾಂಬರ್ತ್ ಎಂಬ ಸಂಶೋಧಕ ವಾಹನಗಳನ್ನು ಎಣಿಸಿದ. ನೂರಕ್ಕೆ 98 ವಾಹನಗಳು ವೇಗದ ಮಿತಿ ಮೀರುತ್ತಿದ್ದವು, ಅಂದರೆ ಪೊಲೀಸರು ಯಾರನ್ನು ಬೇಕಾದರೂ ಕಾನೂನುಬದ್ಧವಾಗಿ ನಿಲ್ಲಿಸಬಹುದು. ಕಪ್ಪು ಜನರಿದ್ದ ಕಾರುಗಳು ನೂರಕ್ಕೆ 13.5, ನಿಲ್ಲಿಸಿದವುಗಳಲ್ಲಿ ಅವರ ಪಾಲು ಸುಮಾರು 35. ಇದೇ ಆಧಾರದ ಮೇಲೆ 1996ರಲ್ಲಿ ರಾಜ್ಯದ ನ್ಯಾಯಾಲಯವೊಂದು ಪೊಲೀಸರ ವಿರುದ್ಧ ತೀರ್ಪು ಕೊಟ್ಟಿತು. ಇನ್ನೂ ಜಾಣತನದ ಅಧ್ಯಯನ 2020ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂತು. ಸುಮಾರು ಹತ್ತು ಕೋಟಿ ತಡೆಗಳ ದಾಖಲೆ. ಸಂಜೆ ಏಳು ಗಂಟೆಗೆ ಬೇಸಿಗೆಯಲ್ಲಿ ಬೆಳಕಿರುತ್ತದೆ, ಚಳಿಗಾಲದಲ್ಲಿ ಕತ್ತಲಿರುತ್ತದೆ. ಅದೇ ಹೊತ್ತು, ಆದರೆ ಕತ್ತಲಾದಾಗ ಓಡಿಸುವವರ ಬಣ್ಣ ಕಾಣುವುದಿಲ್ಲ. ಕತ್ತಲಾದ ಕೂಡಲೇ ನಿಲ್ಲಿಸಲ್ಪಟ್ಟವರಲ್ಲಿ ಕಪ್ಪು ಚಾಲಕರ ಪಾಲು ಇಳಿಯುತ್ತಿತ್ತು.

ನಮ್ಮವರಿಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗಾಗಿ ಒಂದು ಘಟನೆ. 2015ರ ಫೆಬ್ರವರಿ 6ರ ಬೆಳಗ್ಗೆ, ಅಲಬಾಮಾ ರಾಜ್ಯದ ಮ್ಯಾಡಿಸನ್ ಎಂಬ ಊರು. ಮಗ ಎಂಜಿನಿಯರು, ಮೊಮ್ಮಗನನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಮನೆಯ ಸುತ್ತಮುತ್ತ ನಡೆದಾಡುತ್ತಿದ್ದ. ಸಣಕಲು ಕರಿಯನೊಬ್ಬ ಓಡಾಡುತ್ತಿದ್ದಾನೆ ಎಂದು ನೆರೆಯವರೊಬ್ಬರು ಪೊಲೀಸರಿಗೆ ಫೋನು ಮಾಡಿದರು. ಪೊಲೀಸರು ಬಂದು ಕೇಳಿದರು. ಇಂಗ್ಲಿಷ್ ಬರುವುದಿಲ್ಲ, ಇಂಡಿಯಾ, ವಾಕಿಂಗ್. ಅವನ ಬಾಯಲ್ಲಿ ಇಷ್ಟೇ. ಕೈ ತೋರಿಸಿ ಮನೆಯ ನಂಬರು ಹೇಳಿದ. ಒಬ್ಬ ಪೊಲೀಸ್ ಅವನ ಕೈಗಳನ್ನು ಹಿಂದಕ್ಕೆ ಹಿಡಿದು ನೆಲಕ್ಕೆ ಅಪ್ಪಳಿಸಿದ. ಬೆನ್ನುಹುರಿಗೆ ಪೆಟ್ಟಾಗಿ ಅಜ್ಜನ ಮೈ ಭಾಗಶಃ ಸ್ವಾಧೀನ ತಪ್ಪಿತು. ಆ ರಾಜ್ಯದ ಗವರ್ನರ್ ಭಾರತ ಸರ್ಕಾರದ ಕ್ಷಮೆ ಕೇಳಿದರು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಕಡೆಗೆ ನ್ಯಾಯಾಧೀಶರು ಪೊಲೀಸನನ್ನು ಖುಲಾಸೆ ಮಾಡಿದರು. ಮಗಳ ಬಾಣಂತನಕ್ಕೆ, ಮೊಮ್ಮಕ್ಕಳನ್ನು ಆಡಿಸಲಿಕ್ಕೆ ಆರಾರು ತಿಂಗಳು ಅಮೆರಿಕಕ್ಕೆ ಹೋಗಿ ಬರುವ ತಂದೆತಾಯಿಗಳು ಈ ಸಭೆಯಲ್ಲೂ ಇದ್ದೀರಿ. ಸಂಜೆಯ ವಾಕಿಂಗ್ ಬಿಟ್ಟು ಅಲ್ಲಿ ಹೊತ್ತು ಹೋಗುವುದಿಲ್ಲ ಎಂಬುದೂ ನಿಮಗೆ ಗೊತ್ತು.

ಆ ಘಟನೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಪೊಲೀಸನಲ್ಲ, ಫೋನು ಮಾಡಿದವರು. ಆ ಕೈ ನಮ್ಮದೂ ಹೌದು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಫೋಟೋ ಹಾಕಿ ‘ಅನುಮಾನಾಸ್ಪದ ವ್ಯಕ್ತಿ’ ಎಂದು ಬರೆಯುವ ಕೈ. ಕೆಲಸದಾಕೆ ಮನೆಗೆ ಹೊರಟಾಗ ಗೇಟಿನಲ್ಲಿ ಅವಳ ಚೀಲ ಬಿಚ್ಚಿಸುವ ಕೈ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಹಾಯ್ದು ಒಬ್ಬ ಹೆಂಗಸು ಸತ್ತಳು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯೊಬ್ಬಳನ್ನು ಜನ ಹಿಡಿದು ಹೊಡೆದರು. ಅವಳಿಗೂ ಅಪಘಾತಕ್ಕೂ ಇದ್ದ ಒಂದೇ ನಂಟು ಬಣ್ಣ. ಅಲಬಾಮಾದ ಸುದ್ದಿ ಓದಿ ಕೆಂಡವಾದ ನಾವು ಬೆಂಗಳೂರಿನ ಘಟನೆಗೆ ಬೇರೆ ಸಮಜಾಯಿಷಿ ಹುಡುಕಿದೆವು.

ಹಾಗೆ ನೋಡಿದರೆ ಹುಟ್ಟನ್ನೇ ಅಪರಾಧ ಮಾಡುವ ವಿದ್ಯೆಯನ್ನು ನಾವು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಲ್ಲೇ ಇತ್ತು. ಸರ್ಕಾರ ಗೆಜೆಟ್ಟಿನಲ್ಲಿ ಒಂದು ಸಮುದಾಯದ ಹೆಸರು ಅಚ್ಚು ಮಾಡಿದರೆ ಮುಗಿಯಿತು, ಅದನ್ನು ಯಾವ ಕೋರ್ಟೂ ಪ್ರಶ್ನಿಸುವಂತಿರಲಿಲ್ಲ. ಧಾರವಾಡದಿಂದ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರೆ ಸೆಟ್ಲಮೆಂಟ್ ಎಂಬ ಬಡಾವಣೆ ಇದೆ, ಗದಗಿನಲ್ಲೂ ಇದೆ. ಅಂದಿನ ಮುಂಬೈ ಸರ್ಕಾರ ಹೀಗೆ ಪಟ್ಟಿಯಾದ ಸಮುದಾಯಗಳನ್ನು ಕೂಡಿಹಾಕಿದ ಜಾಗಗಳು ಅವು. ತಂತಿಬೇಲಿ, ಹಾಜರಿ, ಹೊರಗೆ ಹೋಗಲು ಪಾಸು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾನೂನುಗಳು ಬಂದವು. ಸಮುದಾಯದ ಪಟ್ಟಿ ಹೋಯಿತು. ಆ ಜನರ ಮೇಲಿಟ್ಟ ಕಣ್ಣು ಹೋಗಲಿಲ್ಲ. 1871ರ ಅದೇ ಕಾಯ್ದೆಯ ಎರಡನೇ ಭಾಗ ಹಿಜಡಾಗಳ ಹೆಸರುಗಳ ರಿಜಿಸ್ಟರು ಇಡಬೇಕು ಎನ್ನುತ್ತಿತ್ತು. 140 ವರ್ಷಗಳ ನಂತರ, 2011ರಲ್ಲಿ, ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮನ್ನು ಸೇರಿಸಿ ಅಂಥದೇ ರಿಜಿಸ್ಟರಿಗೆ ದಾರಿ ಮಾಡಲಾಯಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಆ ಸಮುದಾಯವನ್ನು ಸೂಚಿಸುವ ಪದವನ್ನು ಸರ್ಕಾರವೇ ತಿದ್ದಿತು.

ಇಂದಿನ ಮಾತು ಹೇಳಬೇಕೆಂದರೆ, 2019ರಲ್ಲಿ ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 21 ರಾಜ್ಯಗಳ ಸುಮಾರು 12 ಸಾವಿರ ಪೊಲೀಸ್ ಸಿಬ್ಬಂದಿಯನ್ನು ಮಾತಾಡಿಸಿದವು. ಮುಸ್ಲಿಮರು ಸ್ವಭಾವತಃ ಅಪರಾಧದ ಕಡೆ ವಾಲುವವರು ಎಂಬುದನ್ನು ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಒಪ್ಪಿದರು. 2024ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ದೆಹಲಿಯ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ, ಹಿಂದುಳಿದ ಸಮುದಾಯಗಳ ನಿರಪರಾಧಿಗಳ ಹೆಸರನ್ನು ಹಿಸ್ಟರಿ ಶೀಟುಗಳಲ್ಲಿ ಯಾಂತ್ರಿಕವಾಗಿ ಸೇರಿಸಬಾರದೆಂದು ಎಲ್ಲ ರಾಜ್ಯಗಳನ್ನೂ ಎಚ್ಚರಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು, ಜೈಲುಗಳ ಜಾತಿಭೇದದ ಬಗ್ಗೆ ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ್ದ ಅರ್ಜಿಯ ತೀರ್ಪಿನಲ್ಲಿ, ವಿಮುಕ್ತ ಬುಡಕಟ್ಟುಗಳ, ಅಂದರೆ ಆ ಹಳೆಯ ಪಟ್ಟಿಯಿಂದ ಬಿಡುಗಡೆಯಾದ ಸಮುದಾಯಗಳ, ಜನರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಹೇಳಿತು.

ಈಗ ಅಮೆರಿಕದ್ದು, ನಮ್ಮದು, ಎರಡೂ ಕಡತಗಳನ್ನು ಒಟ್ಟಿಗೆ ಮೇಜಿನ ಮೇಲಿಡಿ. ನಮ್ಮ ಠಾಣೆಗಳಲ್ಲಿ ಕಾಗದಕ್ಕೆ ಕೊರತೆಯಿಲ್ಲ. ರೌಡಿ ಶೀಟು, ಅಪರಾಧ ಎಸಗುವ ಶೈಲಿ ಬರೆದಿಡುವ ಎಂಒಬಿ ಶೀಟು, ಹಿಸ್ಟರಿ ಶೀಟು, ರೌಡಿ ಪರೇಡಿನ ಫೋಟೋಗಳು. ಒಬ್ಬ ಮನುಷ್ಯನ ಮೇಲೆ ಒಮ್ಮೆ ಅನುಮಾನ ಬಂದರೆ ಅವನ ಕಡತ ಅವನಿಗಿಂತ ಹೆಚ್ಚು ದಿನ ಬದುಕುತ್ತದೆ. ಆದರೆ ಆ ಅನುಮಾನದ್ದೇ ಒಂದು ಕಡತ ಎಲ್ಲಿದೆ? ನಿನ್ನೆ ರಾತ್ರಿ ಗಸ್ತಿನಲ್ಲಿ ಯಾರ್ಯಾರನ್ನು ನಿಲ್ಲಿಸಿದಿರಿ, ಯಾವ ಕಾರಣಕ್ಕೆ, ಎಷ್ಟು ಹೊತ್ತು, ಏನು ಸಿಕ್ಕಿತು? ನಾಕಾಬಂದಿಯಲ್ಲಿ ಬಿಟ್ಟು ಕಳಿಸಿದವರಲ್ಲಿ ಯಾವ ಓಣಿಯವರು ಎಷ್ಟು ಜನ? ನ್ಯೂಯಾರ್ಕ್ ಪೊಲೀಸರು ಪಕ್ಷಪಾತಿಗಳು ಎಂದು ನಾನು ಇಷ್ಟು ಅಂಕಿಗಳನ್ನಿಟ್ಟು ಹೇಳಬಲ್ಲೆ. ಹುಬ್ಬಳ್ಳಿ-ಧಾರವಾಡದ ಪೊಲೀಸರು ಪಕ್ಷಪಾತಿಗಳು ಎಂದಾಗಲಿ ಅಲ್ಲ ಎಂದಾಗಲಿ ಹೇಳಲು ನನ್ನ ಹತ್ತಿರ ಒಂದು ಹಾಳೆಯೂ ಇಲ್ಲ. ಇದು ದೂರುವವರಿಗೆ ಎಷ್ಟು ಅನ್ಯಾಯವೋ ಪ್ರಾಮಾಣಿಕ ಪೊಲೀಸನಿಗೂ ಅಷ್ಟೇ ಅನ್ಯಾಯ. ತಾನು ನ್ಯಾಯವಾಗಿ ನಡೆದುಕೊಂಡೆ ಎಂದು ತೋರಿಸಲು ಅವನ ಕೈಯಲ್ಲೂ ಏನೂ ಇಲ್ಲ.

ಇಂಗ್ಲೆಂಡಿನವರು ಈ ಪಾಠವನ್ನು ಗಲಭೆಯಿಂದ ಕಲಿತರು. 1981ರ ಏಪ್ರಿಲ್‌ನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಪೊಲೀಸರು ಕೆಲವೇ ದಿನಗಳಲ್ಲಿ 943 ಜನರನ್ನು ತಡೆದು ತಡಕಿದರು. ಊರು ಹೊತ್ತಿ ಉರಿಯಿತು. 1984ರಲ್ಲಿ ಬಂದ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ, ಪ್ರತಿ ತಡಕಾಟವನ್ನೂ ಬರೆದಿಡಬೇಕು, ತಡಕಿಸಿಕೊಂಡವನು ಕೇಳಿದರೆ ಅದರ ಪ್ರತಿ ಕೊಡಬೇಕು ಎಂದಿತು. ತಾರತಮ್ಯ ಅಲ್ಲಿ ಹೋಗಿಲ್ಲ. ಇಂದಿಗೂ ಕಪ್ಪು ಜನರನ್ನು ಬಿಳಿಯರಿಗಿಂತ ಎಷ್ಟೋ ಪಟ್ಟು ಹೆಚ್ಚು ತಡೆಯುತ್ತಾರೆ. ಆದರೆ ಎಷ್ಟು ಪಟ್ಟು ಎಂದು ಸರ್ಕಾರವೇ ಪ್ರತಿವರ್ಷ ಪ್ರಕಟಿಸಬೇಕಾಗುತ್ತದೆ.

ಮುಂದಿನ ಸಾಲಿನ ಅಧಿಕಾರಿಗಳ ಮನಸ್ಸಿನಲ್ಲಿರುವ ಪ್ರಶ್ನೆ ನನಗೆ ಕೇಳಿಸುತ್ತಿದೆ. ಬಂದೋಬಸ್ತು, ವಿಐಪಿ ಡ್ಯೂಟಿ, ಸಮನ್ಸ್ ಜಾರಿ, ಇದರ ಮೇಲೆ ಇನ್ನೊಂದು ಫಾರ್ಮೇ? ಅದೂ ಅಲ್ಲದೆ ಸಿಬ್ಬಂದಿ ಸುಳ್ಳು ಬರೆಯುತ್ತಾರೆ. ಬರೆಯುತ್ತಾರೆ, ಒಪ್ಪೋಣ. ನ್ಯೂಯಾರ್ಕಿನಲ್ಲೂ ಬರೆದರು; ಕೋರ್ಟು ನೇಮಿಸಿದ ಮೇಲ್ವಿಚಾರಕರು ಇಂದಿಗೂ ಬರೆಯದೆ ಬಿಟ್ಟ ತಡೆಗಳನ್ನು ಹುಡುಕುತ್ತಿದ್ದಾರೆ. ಅಲ್ಲಿ ಬಂದೂಕು ಹುಡುಕಲೆಂದೇ ಹೊಸದಾಗಿ ಕಟ್ಟಿದ ತಂಡಗಳು ತಡೆದವರಲ್ಲಿ ನೂರಕ್ಕೆ 97 ಮಂದಿ ಕಪ್ಪು ಇಲ್ಲವೇ ಹಿಸ್ಪಾನಿಕ್ ಜನ ಎಂಬುದನ್ನು 2023ರಲ್ಲಿ ಹೊರಗೆಡವಿದ್ದು ಅವರೇ. ಆದರೆ ಒಂದು ಸುಳ್ಳು ಮುಚ್ಚಿಹೋಗಬಹುದು, ಲಕ್ಷ ಸುಳ್ಳುಗಳು ಮುಚ್ಚಿಹೋಗುವುದಿಲ್ಲ. ಕಳ್ಳಚಲನೆ ಎಂಬ ಚೌಕಕ್ಕೆ ಕಣ್ಣುಮುಚ್ಚಿ ಗುರುತು ಹಾಕಿದವರೇ ತಮಗೆ ಗೊತ್ತಿಲ್ಲದೆ ತಮ್ಮ ಇಲಾಖೆಯ ವಿರುದ್ಧ ಸಾಕ್ಷಿ ಬರೆದುಕೊಟ್ಟರು.

ಹಾಗಾಗಿ ಈ ವೇದಿಕೆಯಿಂದ ನನ್ನ ಬೇಡಿಕೆ ಇಷ್ಟೇ. ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರೇಟಿನಲ್ಲಿ ಒಂದು ವರ್ಷ, ರಾತ್ರಿ ಗಸ್ತಿನ ತಡೆಗಳಿಗೆ ಮಾತ್ರ, ಒಂದು ರಿಜಿಸ್ಟರು ಇಡಲಿ. ಸಮಯ, ಜಾಗ, ತಡೆದವರ ಬೀಟ್ ನಂಬರು, ಕಾರಣ, ಫಲ. ಕಾರಣದ ಕಾಲಮಿನಲ್ಲಿ ಚೌಕಗಳು ಬೇಡ, ಸ್ವಂತ ಕೈಬರಹದ ಒಂದು ವಾಕ್ಯ ಇರಲಿ. ತಡೆಸಿಕೊಂಡವರಿಗೆ ಅದರ ಚೀಟಿ ಕೊಡಲಿ, ಅವರ ಹೆಸರು ಮಾತ್ರ ಯಾವ ಶೀಟಿಗೂ ಸೇರದಿರಲಿ. ವರ್ಷದ ಕೊನೆಗೆ ಠಾಣಾವಾರು ಅಂಕಿಗಳನ್ನು ಪ್ರಕಟಿಸಲಿ. ಎಣಿಸಿಕೊಡುವ ಕೆಲಸಕ್ಕೆ ಇಲ್ಲೇ ಕಾನೂನು ಕಾಲೇಜಿದೆ, ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗವಿದೆ. ಮುಂದಿನ ವರ್ಷ ಈ ದತ್ತಿಯ ಉಪನ್ಯಾಸವನ್ನು ಆ ಕಮಿಷನರೇ ಕೊಡಬಹುದು.